ಬೀಚ್ ಸೌದೆ
ಯುರೋಪಿನ ಬೀಚ್ ಮರದ ಉರುವಲು. ಜರ್ಮನಿಯ ಮನೆಗಳ ಒಲೆಗೆ ಇದು ಬಲು ಅಚ್ಚುಮೆಚ್ಚು: ಕಿಡಿ ಹೆಚ್ಚು ಸಿಡಿಯದು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಹಸಿಯಿರುವಾಗಲೇ ಸೀಳುವುದು ಜಾಣತನ. ಗಂಟಿಲ್ಲದ ಕೊರಡಿಗೆ ಭಾರದ ಕೊಡಲಿಯ ಒಂದೇ ಪೆಟ್ಟು ಬಿದ್ದರೆ ಟಪ್ಪೆಂದು ಇಬ್ಭಾಗವಾಗಿ, ನಸುಗೆಂಪು ಒಳಮೈ ಕಾಣುತ್ತದೆ. ಕವಲೊಡೆದ ತುಂಡು ಮಾತ್ರ ಹಟಮಾರಿ. ಅದಕ್ಕೆ ಉಕ್ಕಿನ ಬೆಣೆ, ಸುತ್ತಿಗೆ ಬೇಕು.

ಬೀಚ್‌ಗೆ ದೊಡ್ಡ ಶತ್ರು ತೇವ. ಸೀಳದೆ ನೆಲದ ಮೇಲೆ ಬಿಟ್ಟ ದಿಮ್ಮಿಗೆ ಬೇಗ ಶಿಲೀಂಧ್ರ ಹತ್ತಿ, ಕಪ್ಪು ಗೆರೆಗಳು ಮೂಡಿ, ಮರ ಮೆತ್ತಗಾಗುತ್ತದೆ, ಉರಿಸಿದರೂ ಕಾವು ಕಡಿಮೆ. ಆದ್ದರಿಂದ ಸೀಳಿದ ಕೂಡಲೇ ನೆಲದಿಂದ ಎತ್ತರಿಸಿ, ಮೇಲ್ಭಾಗವನ್ನಷ್ಟೇ ಹೊದಿಸಿ, ಗಾಳಿಯಾಡುವಂತೆ ಒಟ್ಟುತ್ತಾರೆ. ಸುಮಾರು 2 ವರ್ಷದಲ್ಲಿ ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯುತ್ತದೆ. ಆಗ ಒಂದು ಕಿಲೋ ಸೌದೆ ಸುಮಾರು 4 ಕಿಲೋವಾಟ್-ಗಂಟೆ ಶಾಖ ಕೊಡುತ್ತದೆ.

ಮಾಂಸ, ಮೀನಿಗೆ ಹೊಗೆ ಹಿಡಿಸಲೂ ಬೀಚ್ ಬಳಸುತ್ತಾರೆ.