ಕೆರೆಯ ಲೆಕ್ಕ: ಹೆಚ್ಚಾದ ದುಡ್ಡು ಯಾರ ಪಾಲು?

ಭಾಗ 1

ಫೋಟೋದಲ್ಲಿರೋದು ಅಯ್ಯನಕೆರೆ. ಸಖರಾಯಪಟ್ಟಣದ ಹತ್ತಿರ, ಬಾಬಾಬುಡನ್ ಬೆಟ್ಟಸಾಲಿನ ಬುಡದಲ್ಲಿ. ಕಡೂರು ತಾಲ್ಲೂಕಿನವರು ಒಂದು ಸಲವಾದ್ರೂ ಈ ಏರಿ ಮೇಲೆ ನಿಂತು ರೀಲ್ಸ್ ಮಾಡಿರ್ತೀರ. ರುಕ್ಮಾಂಗದ ರಾಯ ಕಟ್ಟಿಸಿದ್ದು ಅನ್ನೋದು ಜನರ ಮಾತು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಜೀರ್ಣೋದ್ಧಾರ ಆಯ್ತು ಅನ್ನೋದು ಇತಿಹಾಸದವರ ಮಾತು.

ನನಗೆ ತಲೆಗೆ ಹತ್ತಿದ್ದು "ಜೀರ್ಣೋದ್ಧಾರ" ಅನ್ನೋ ಪದ. ಬಿಕಾಂ ಓದೋರ ಹಣೆಬರಹ ಇದು, ರಿಪೇರಿ ಅಂದ ತಕ್ಷಣ ಖರ್ಚು ಯಾವ ಖಾತೆಗೆ ಬಿತ್ತು ಅಂತ ಯೋಚನೆ ಬರುತ್ತೆ. ಕೆರೆ ಅಂದ್ರೆ ಒಂದ್ಸಲ ಕಟ್ಟಿ ಬಿಡೋ ವಸ್ತು ಅಲ್ಲ. ಹೂಳು ತುಂಬುತ್ತೆ, ತೂಬು ಸೋರುತ್ತೆ, ಕೋಡಿ ಕಿತ್ತು ಹೋಗುತ್ತೆ. ಕೆರೆಗೆ ಹಾರವಾದ ಭಾಗೀರಥಿ ಕಥೆ ನಮಗೆಲ್ಲ ಸ್ಕೂಲಿಂದಲೇ ಗೊತ್ತು. ಆದ್ರೆ ಬಲಿ ಕೊಟ್ಟ ಮೇಲೆ ಪ್ರತಿ ವರ್ಷ ಹೂಳು ತೆಗೆಸೋಕೆ ಯಾರು ದುಡ್ಡು ಕೊಟ್ರು? ಅದರ ಮೇಲೆ ಯಾರೂ ಹಾಡು ಕಟ್ಟಿಲ್ಲ.

ಹಾಡು ಕಟ್ಟದಿದ್ರೂ ಶಾಸನ ಹಾಕಿಸಿದ್ದಾರೆ.

ಭಾಗ 2

ಕರ್ನಾಟಕದ ಕೆರೆ ಶಾಸನಗಳಲ್ಲಿ ಮೂರು ಪದ ಮತ್ತೆ ಮತ್ತೆ ಸಿಗುತ್ತೆ: ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ. ಪರೀಕ್ಷೆಗೆ ಬರಲ್ಲ, ಆದ್ರೂ ನೆನಪಿಟ್ಕೊಳ್ಳಿ.

ಬಿತ್ತುವಟ್ಟ ಅಂದ್ರೆ ಕೆರೆ ನೀರಲ್ಲಿ ಬೆಳೆಯೋ ಗದ್ದೆಗಳ ಆದಾಯದಲ್ಲಿ ಒಂದು ಪಾಲನ್ನ, ಇಲ್ಲಾಂದ್ರೆ ಆ ಅಚ್ಚುಕಟ್ಟಲ್ಲೇ ಒಂದಿಷ್ಟು ಭೂಮಿಯನ್ನ, ಅದೇ ಕೆರೆಯ ನಿರ್ವಹಣೆಗೆ ಅಂತ ಬಿಡೋದು. ದಶವಂದ, ಹೆಸರೇ ಹೇಳೋ ಹಾಗೆ, ಹತ್ತರಲ್ಲಿ ಒಂದು ಪಾಲು. ಅದು ಕೆರೆ ಕಟ್ಟಿಸಿದವರಿಗೋ ದುರಸ್ತಿ ಮಾಡಿಸಿದವರಿಗೋ ಸೇರ್ತಿತ್ತು. ಕಟ್ಟುಕೊಡಗೆ ಕೂಡ ಇದೇ ಥರ: ಕೆರೆ ಕಟ್ಟಿದವರಿಗೆ ಅದರ ಕೆಳಗಿನ ಭೂಮಿಯನ್ನ ತೆರಿಗೆ ಇಲ್ಲದೆ ಅಥವಾ ಕಡಿಮೆ ತೆರಿಗೆಗೆ ಕೊಡೋದು.

ಇದರ ತರ್ಕ ನೋಡಿ. ಕೆರೆ ಬರೋಕೆ ಮುಂಚೆ ಅದು ರಾಗಿ ಬೆಳೆಯೋ ಹೊಲ. ಕೆರೆ ಬಂದ ಮೇಲೆ ಭತ್ತದ ಗದ್ದೆ. ಭೂಮಿ ಅದೇ, ಆದ್ರೆ ಹುಟ್ಟುವಳಿ ಜಾಸ್ತಿ. ಆ "ಜಾಸ್ತಿ" ಹುಟ್ಟಿದ್ದು ಕೆರೆಯಿಂದ. ಹಾಗಾಗಿ ಅದರಲ್ಲಿ ಒಂದು ಭಾಗ ಕೆರೆಗೇ ವಾಪಸ್ ಹೋಗ್ಲಿ. ರಾಜಧಾನಿಯ ಖಜಾನೆಗೆ ಹೋಗಿ, ಅಲ್ಲಿಂದ ಮತ್ತೆ ಕೇಳಿ ತರೋ ಕೆಲಸ ಬೇಡ.

ಇದನ್ನೇ ಅಮೆರಿಕದವರು ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್ ಅಂತ ಮಾಡಿದ್ರು. 1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು. ಒಂದು ಪೇಟೆ ಬೀದಿಯಿಂದ ವರ್ಷಕ್ಕೆ 10 ಲಕ್ಷ ಆಸ್ತಿ ತೆರಿಗೆ ಬರ್ತಿದೆ ಅಂದ್ಕೊಳ್ಳಿ. ಸಾಲ ತಂದು ಚರಂಡಿ, ರಸ್ತೆ, ದೀಪ ಮಾಡಿದ್ರು. ಆಸ್ತಿ ಬೆಲೆ ಏರಿತು, ತೆರಿಗೆ 16 ಲಕ್ಷ ಆಯ್ತು. ಮೊದಲಿನ 10 ಲಕ್ಷ ಎಂದಿನಂತೆ ಸ್ಕೂಲಿಗೆ, ಊರಿನ ಖರ್ಚಿಗೆ. ಹೆಚ್ಚಾದ 6 ಲಕ್ಷ ಮಾತ್ರ ಪ್ರತ್ಯೇಕ ನಿಧಿಗೆ. ಅದರಿಂದ ಸಾಲ ತೀರಿಸೋದು, ಅದೇ ಬೀದಿಗೆ ಇನ್ನಷ್ಟು ಕೆಲಸ ಮಾಡೋದು. ತೆರಿಗೆ ದರ ಏರಿಸಿಲ್ಲ, ಹೆಚ್ಚಳವನ್ನ ಮಾತ್ರ ಕಟ್ಟಿ ಹಾಕಿದ್ದಾರೆ.

ಎರಡೂ ಒಂದೇ ಅಂತ ಹೇಳ್ತಿಲ್ಲ. ಒಂದು ಪೈರಿನ ಪಾಲು, ಇನ್ನೊಂದು ಸಾಲಪತ್ರ. ಆಮೇಲೆ ಶಾಸನ ಕಾಲದ ವ್ಯವಸ್ಥೆ ಸ್ವರ್ಗ ಅಂತ ದಯವಿಟ್ಟು ಶೇರ್ ಮಾಡ್ಬೇಡಿ. ಕೊಡಗೆ ಸಿಕ್ಕಿದ್ದು ಕೆರೆ ಕಟ್ಟಿಸಿದ ದೊಡ್ಡವರಿಗೆ, ಮಣ್ಣು ಹೊತ್ತವರಿಗೆ ಅಲ್ಲ.

ಭಾಗ 3

ಆದ್ರೂ ಆ ಲೆಕ್ಕ ಕೆಲಸ ಮಾಡಿದೆ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಇಂಜಿನಿಯರ್ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆ ಇವರ ಹೆಸರಲ್ಲೇ ಇರೋದು) ಸಂಸ್ಥಾನದ ನೆಲದಲ್ಲಿ ಹತ್ತಿರ ಹತ್ತಿರ ಶೇಕಡ 60 ಭಾಗ ಕೆರೆಗಳ ಸರಪಳಿಗೆ ಸೇರಿದೆ ಅಂತ ಬರೆದರು. ನಮ್ಮ ಸುತ್ತ ಊರಿನ ಹೆಸರು ನೋಡಿ: ಸಿಂಗಟಗೆರೆ, ತರೀಕೆರೆ. ಹೆಸರಲ್ಲೇ ಕೆರೆ.

ಅಷ್ಟೊತ್ತಿಗೆ ಲೆಕ್ಕ ಬದಲಾಗ್ತಿತ್ತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆ. 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಆಮೇಲೆ ಭೂಮಿ ಸರ್ವೆ, ಇನಾಮುಗಳ ವಿಚಾರಣೆ. ಕಂದಾಯ ಒಂದು ಕಡೆ, ರಿಪೇರಿ ಇನ್ನೊಂದು ಇಲಾಖೆ. ಕೆರೆಯಿಂದ ಹುಟ್ಟಿದ ದುಡ್ಡಿಗೂ ಕೆರೆಗೂ ಇದ್ದ ನೇರ ದಾರಿ ಸವೆಯುತ್ತಾ ಹೋಯ್ತು.

ಸ್ವಾತಂತ್ರ್ಯದ ನಂತರ ಸರ್ಕಾರ "ಹೆಚ್ಚಳದಲ್ಲಿ ಪಾಲು" ಅನ್ನೋ ವಿಚಾರವನ್ನ ಮತ್ತೆ ಕೈಗೆತ್ತಿಕೊಳ್ತು. 1957ರಲ್ಲಿ ನೀರಾವರಿಗೆ ಅಭಿವೃದ್ಧಿ ವಂತಿಗೆ ಮತ್ತು ನೀರಿನ ದರದ ಕಾಯ್ದೆ ಬಂತು. ನಗರಕ್ಕೂ ಇಂಥದ್ದೇ ಇದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರಕಾರ, ಪ್ರಾಧಿಕಾರದ ಯೋಜನೆಯಿಂದ ನಿಮ್ಮ ಜಾಗದ ಬೆಲೆ ಏರಿದ್ರೆ, ಆ ಏರಿಕೆಯ ಮೂರನೇ ಒಂದು ಭಾಗವನ್ನ ಅಭಿವೃದ್ಧಿ ತೆರಿಗೆಯಾಗಿ ಕೇಳಬಹುದು.

ಕಾಗದದಲ್ಲಿ ನ್ಯಾಯವಾಗೇ ಇದೆ, ಅಲ್ವಾ? ಈಗ ನಮ್ಮ ಕಡೆ ಬಿಟ್ಟು ಉತ್ತರಕ್ಕೆ, ಮಲಪ್ರಭೆ ಕಡೆ ಬನ್ನಿ.

ಭಾಗ 4

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಆಯ್ತು. ನರಗುಂದ, ನವಲಗುಂದದ ಕಡೆ ಕಾಲುವೆ ಹೋಯ್ತು. ಸರ್ಕಾರದ ಪ್ರಕಾರ ಆ ಕಪ್ಪು ಭೂಮಿ ಈಗ ನೀರಾವರಿ ಭೂಮಿ, ಬೆಲೆ ಏರಿದೆ, ವಂತಿಗೆ ಕಟ್ಟಿ.

ರೈತರು ಹೇಳಿದ್ದು ಬೇರೆ. ಎಷ್ಟೋ ಹೊಲಕ್ಕೆ ನೀರೇ ಮುಟ್ಟಿಲ್ಲ. ನೀರು ಬಂದ ಕಡೆ ಕೆಲವು ಜಮೀನು ಜವುಳು ಹಿಡಿದಿವೆ. ಸಾಲ ಮಾಡಿ ಹತ್ತಿ ಹಾಕಿದ್ರೆ ಅದರ ರೇಟು ಬಿದ್ದಿದೆ. ಹೆಚ್ಚಳ ಆಗಿದ್ದು ಕಡತದಲ್ಲಿ, ಹೊಲದಲ್ಲಿ ಅಲ್ಲ.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು, ಗೋಲಿಬಾರ್ ಆಯ್ತು. ಎರಡೂ ಊರಲ್ಲಿ ರೈತರು ಸತ್ತರು. ಪೊಲೀಸರೂ ಸತ್ತರು. ಗುಂಡೂರಾವ್ ಸರ್ಕಾರ ಅಲುಗಾಡಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಆ ಕಡೆ ಈಗಲೂ ಜುಲೈ 21 ಹುತಾತ್ಮ ರೈತರ ದಿನ. ನಿಮ್ಮೂರಲ್ಲಿ ಹಸಿರು ಶಾಲು ಹಾಕಿಕೊಂಡು ತಾಲ್ಲೂಕು ಆಫೀಸ್ ಮುಂದೆ ಕೂರೋ ಅಜ್ಜಂದಿರನ್ನ ಕೇಳಿ, ಈ ಎರಡು ಊರ ಹೆಸರು ಅವರಿಗೆ ಬಾಯಿಪಾಠ.

ಬಿತ್ತುವಟ್ಟಕ್ಕೂ ಇದಕ್ಕೂ ಇರೋ ವ್ಯತ್ಯಾಸ ನನಗೆ ಇಲ್ಲೇ ಕಾಣೋದು. ಪೈರಲ್ಲಿ ಪಾಲು ಅಂದ್ರೆ, ಪೈರು ಬಂದ್ರೆ ಪಾಲು. ಮಳೆ ಕೈಕೊಟ್ರೆ ಕೆರೆಗೂ ನಷ್ಟ, ರೈತನಿಗೂ ನಷ್ಟ. 1980ರಲ್ಲಿ ಪಾಲು ಮೊದಲು, ಪೈರು ಆಮೇಲೆ. ನಷ್ಟ ಪೂರ್ತಿ ಒಬ್ಬನ ತಲೆ ಮೇಲೆ.

ಟ್ಯಾಕ್ಸ್ ಇನ್‌ಕ್ರಿಮೆಂಟಲ್ಲೂ ಇದೇ ಕಂಟಕ ಇದೆ. ಬೆಲೆ ತಾನಾಗೇ ಏರ್ತಿದ್ದ ಕಡೆ ಗೆರೆ ಎಳೆದು, "ಈ ಹೆಚ್ಚಳ ನಮ್ಮ ಕೆಲಸದಿಂದ ಬಂದಿದ್ದು" ಅಂತ ನಿಧಿ ಕಟ್ಟಿಕೊಂಡ್ರೆ, ಸ್ಕೂಲಿಗೆ ಹೋಗಬೇಕಿದ್ದ ದುಡ್ಡು ಅಲ್ಲಿಗೆ ಹರಿಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಈ ಜಗಳ ಎಷ್ಟು ಬೆಳೀತು ಅಂದ್ರೆ, ಈ ಪದ್ಧತಿ ಶುರು ಮಾಡಿದ ರಾಜ್ಯವೇ 2012ರಲ್ಲಿ ಆ ಪುನರಭಿವೃದ್ಧಿ ಸಂಸ್ಥೆಗಳನ್ನ ಮುಚ್ಚಿ ಹಾಕ್ತು. ಇತ್ತ ನಮ್ಮ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2017ರಲ್ಲಿ ಭೂಮಿ ಬೆಲೆಯ ಏರಿಕೆಯಿಂದ ಹಣ ಹೊಂದಿಸೋ ದಾರಿಗಳ ಚೌಕಟ್ಟು ತಂದಾಗ ಅದರಲ್ಲಿ ಇದನ್ನೂ ಸೇರಿಸಿದೆ.

ಭಾಗ 5

"ನಮಗ್ಯಾಕೆ ಇದು" ಅಂದ್ರಾ?

ಭದ್ರಾ ಮೇಲ್ದಂಡೆ ಕಾಲುವೆಗೆ ಅಜ್ಜಂಪುರದಲ್ಲಿ ಸುರಂಗ ಕೊರೆದಿದ್ದಾರೆ. ತುಮಕೂರು-ಶಿವಮೊಗ್ಗ ಹೆದ್ದಾರಿ ಕಡೂರು, ಬೀರೂರು, ತರೀಕೆರೆ ಬದಿಯಲ್ಲಿ ಅಗಲವಾಗಿದೆ. ರಸ್ತೆ ಪಕ್ಕದ ತೋಟದ ರೇಟು ಏನಾಗಿದೆ ಅಂತ ನಿಮ್ಮಪ್ಪ, ಮಾವನ್ನ ಕೇಳಿದ್ರೆ ಹೇಳ್ತಾರೆ. ಆ ಏರಿಕೆಗೆ ಕಾರಣ ಎಲ್ಲರ ತೆರಿಗೆಯಲ್ಲಿ ಆದ ರಸ್ತೆ.

ಈಗ ಅದು ಎಲ್ಲಿಗೆ ಹೋಗುತ್ತೆ ನೋಡಿ. ಮಾರಿದವರ ಜೇಬಿಗೆ ದೊಡ್ಡ ಪಾಲು. ನೋಂದಣಿ ಆದಾಗ ಮುದ್ರಾಂಕ ಶುಲ್ಕ ಬಹುಪಾಲು ರಾಜ್ಯದ ಖಜಾನೆಗೆ. ಪಂಚಾಯ್ತಿಗೆ ಮನೆ ಕಂದಾಯ ಬರುತ್ತೆ, ಆದ್ರೆ ವ್ಯವಸಾಯದ ಜಮೀನು ಎಷ್ಟು ಕೋಟಿ ಬಾಳಿದ್ರೂ ಅದರ ಮೇಲೆ ಪಂಚಾಯ್ತಿ ಕಂದಾಯ ಇಲ್ಲ. ಅದೇ ಪಂಚಾಯ್ತಿ ಕೆರೆ ತೂಬು ರಿಪೇರಿಗೆ ಅನುದಾನ ಕೊಡಿ ಅಂತ ಅರ್ಜಿ ಬರೆಯುತ್ತೆ.

ಹೊಸ ತೆರಿಗೆ ಹಾಕಿ ಅಂತ ನಾನು ಹೇಳ್ತಿಲ್ಲ, ನರಗುಂದ ಓದಿದ ಮೇಲೆ ಹಾಗನ್ನೋ ಧೈರ್ಯ ಯಾರಿಗೂ ಬರಲ್ಲ. ಈಗಾಗಲೇ ಕಟ್ಟುತ್ತಿರೋ ಶುಲ್ಕದಲ್ಲಿ, ನೀರೋ ರಸ್ತೆಯೋ ಬಂದ ಮೇಲೆ ಹೆಚ್ಚಾದಷ್ಟರಲ್ಲಿ, ಹತ್ತರಲ್ಲಿ ಒಂದು ಪಾಲು ಆ ಊರಿನ ಕೆರೆಯ ಹೆಸರಲ್ಲೇ ಒಂದು ಖಾತೆಗೆ ಬೀಳ್ಲಿ. ಹೆಸರು ಹುಡುಕೋ ಕಷ್ಟನೂ ಇಲ್ಲ, ದಶವಂದ ಅಂತ ಇಟ್ಟರಾಯ್ತು.

ಮುಂದಿನ ಸರಣಿ ಮದಗದ ಕೆರೆ. ಕಾಲೇಜ್ ಡೇಗೆ ಎಲ್ಲರೂ ಕುಣಿಯೋ ಆ ಹಾಡು ನಮ್ಮ ಮದಗದ ಕೆರೆದೋ, ಮಾಸೂರಿನವರದ್ದೋ ಅಂತ ಜಗಳ ಇದೆಯಲ್ಲ, ಅದನ್ನ ಅಲ್ಲಿ ಆಡೋಣ.

#ಸಿಂಗಟಗೆರೆ #ಕಡೂರು #ಅಯ್ಯನಕೆರೆ #ಕೆರೆಯಲೆಕ್ಕ