'ಅರ್ಬುದ' ಮತ್ತು 'ಏಡಿಗಂತಿ': ಒಂದು ಶಬ್ದವಿಚಾರ

ಕ್ಯಾನ್ಸರ್ ವ್ಯಾಧಿಗೆ ಕನ್ನಡದಲ್ಲಿ 'ಅರ್ಬುದ', 'ಏಡಿಗಂತಿ' ಎಂಬ ಎರಡು ಹೆಸರುಗಳು ರೂಢಿಯಲ್ಲಿವೆ. ಇವನ್ನು ಪರ್ಯಾಯಪದಗಳೆಂದೇ ಎಣಿಸುವುದು ವಾಡಿಕೆ. ಆದರೆ ಇವುಗಳ ಹುಟ್ಟೂ ಬೇರೆ, ಅರ್ಥವ್ಯಾಪ್ತಿಯೂ ಬೇರೆ. ಈ ಭೇದವನ್ನು ಮರೆತುದರಿಂದ ಪ್ರಾಚೀನ ವೈದ್ಯಗ್ರಂಥಗಳ ಅರ್ಥನಿರ್ಣಯದಲ್ಲಿ ಪ್ರಮಾದವುಂಟಾಗಿದೆ.

'ಏಡಿಗಂತಿ'ಯ ವಂಶವೃಕ್ಷವನ್ನು ಹುಡುಕಲು ಗ್ರೀಸಿಗೆ ಹೋಗಬೇಕು. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಈ ರೋಗಕ್ಕೆ 'ಕಾರ್ಕಿನೋಸ್' ಎಂದಿದೆ. ಏಡಿಯೆಂದು ಅದರ ಅರ್ಥ. ಲ್ಯಾಟಿನ್ ಭಾಷೆಯಲ್ಲಿ ಏಡಿಗೆ 'ಕ್ಯಾನ್ಸರ್' ಎಂದು ಹೆಸರು. ಕ್ರಿ.ಶ. 2ನೆಯ ಶತಮಾನದ ಗ್ಯಾಲೆನನು ಈ ಹೋಲಿಕೆಯನ್ನು ವಿವರಿಸಿದ್ದಾನೆ: ಸ್ತನದ ಗಂತಿಯ ಇಕ್ಕೆಲಗಳಲ್ಲಿ ಉಬ್ಬಿ ಹಬ್ಬಿದ ಸಿರೆಗಳು ಏಡಿಯ ಕಾಲುಗಳಂತೆ ಕಾಣುತ್ತವೆಯಂತೆ. ನಮ್ಮ ಪಂಚಾಂಗದ ಕರ್ಕಾಟಕ ರಾಶಿಗೂ ಪಾಶ್ಚಾತ್ಯರಲ್ಲಿ ಇದೇ ಹೆಸರು. ಕನ್ನಡದ 'ಏಡಿಗಂತಿ' ಆ ಶಬ್ದದ ನೆರಳೆಂದೇ ತೋರುತ್ತದೆ.

'ಅರ್ಬುದ'ವಾದರೋ ನಮ್ಮ ಆಯುರ್ವೇದದ್ದು. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳೊಡನೆ ಇದರ ನಿರೂಪಣೆಯಿದೆ. ದುಂಡಗೆ, ಸ್ಥಿರವಾಗಿ, ಆಳವಾಗಿ ಬೇರೂರಿ ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಮಾಂಸದ ಉಬ್ಬು ಅರ್ಬುದ. ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸುಗಳಿಂದ ಅದು ಆರು ವಿಧ. ಇವುಗಳಲ್ಲಿ ರಕ್ತಾರ್ಬುದ ಮಾಂಸಾರ್ಬುದಗಳನ್ನು ಅಸಾಧ್ಯವೆಂದು ಹೇಳಿದೆ. ಆದುದರಿಂದ ಅರ್ಬುದವೆಲ್ಲವೂ ಕ್ಯಾನ್ಸರಲ್ಲ. ನಿರಪಾಯವಾದ ಕೊಬ್ಬಿನ ಗಡ್ಡೆಯೂ ಮೇದೋಜ ಅರ್ಬುದವೆನಿಸಬಹುದು. ಚರಕಸಂಹಿತೆಯಲ್ಲಿಯಂತೂ ಎರಡನೆಯ ತಿಂಗಳ ಗರ್ಭಪಿಂಡದ ಒಂದು ಆಕೃತಿಗೂ ಇದೇ ಹೆಸರು!

ಒಂದು ಅರ್ಬುದವಿದ್ದೆಡೆಯಲ್ಲಿ ಮತ್ತೊಂದು ಹುಟ್ಟಿದರೆ 'ಅಧ್ಯರ್ಬುದ', ಜೊತೆಯಾಗಿ ಇಲ್ಲವೆ ಒಂದಾದ ಮೇಲೊಂದಾಗಿ ಎರಡು ಹುಟ್ಟಿದರೆ 'ದ್ವಿರರ್ಬುದ' ಎಂದು ಅಲ್ಲಿಯೇ ಇದೆ. ರೋಗವು ರಕ್ತದ ಮೂಲಕ ದೂರದ ಅಂಗಗಳಿಗೆ ಹರಡುವ ವಿಚಾರ ಸುಶ್ರುತನಿಗೆ ತಿಳಿದಿತ್ತೆಂದು ಇದರಿಂದ ಸಾಧಿಸುವವರಿದ್ದಾರೆ. ಮೂಲದಲ್ಲಿ ಹುಟ್ಟಿನ ಮಾತಿದೆಯೇ ಹೊರತು ಸಂಚಾರದ ಮಾತಿಲ್ಲ. ಆತನ ಅನುಭವವನ್ನು ಕಾಣಬೇಕಾದರೆ ಚಿಕಿತ್ಸಾಸ್ಥಾನವನ್ನು ನೋಡಬೇಕು. ಶೇಷವುಳಿದ ಅರ್ಬುದವು ಬೇಗನೆ ಮರಳಿ ಬೆಳೆದು ರೋಗಿಯನ್ನು ಕೊಲ್ಲುವುದೆಂಬ ಎಚ್ಚರಿಕೆ ಅಲ್ಲಿದೆ. ಶಸ್ತ್ರ ಹಿಡಿದವನಲ್ಲದೆ ಅನ್ಯನು ಹಾಗೆ ಬರೆಯಲಾರನು.

ಇವೆರಡು ಶಬ್ದಗಳೂ ಕಣ್ಣಿಗೆ ಕಂಡ ಆಕಾರದಿಂದ, ಕೈಗೆ ಸಿಕ್ಕ ಗಂಟಿನಿಂದ ಹುಟ್ಟಿದವು. 1838ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯುಲ್ಲರನು ಗಂತಿಗಳೂ ಜೀವಕೋಶಗಳಿಂದಲೇ ಆದವೆಂದು ಸೂಕ್ಷ್ಮದರ್ಶಕದಿಂದ ತೋರಿಸಿದನು. ಅವನ ಶಿಷ್ಯ ರುಡಾಲ್ಫ್ ವಿರ್ಖೋನು 1858ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೋಶವು ಕೋಶದಿಂದಲೇ ಜನಿಸುವುದೆಂಬ ತತ್ತ್ವದ ಮೇಲೆ ರೋಗಶಾಸ್ತ್ರವನ್ನೇ ಕಟ್ಟಿದನು. ಅಲ್ಲಿಂದೀಚೆಗೆ ಕೋಶಗಳ ಮಿತಿಮೀರಿದ ಬೆಳವಣಿಗೆಯೇ ರೋಗದ ಲಕ್ಷಣವಾಯಿತು. ಗಂತಿಯು ಅದರ ಒಂದು ರೂಪ ಮಾತ್ರ.

ಗಂತಿಯೇ ಇಲ್ಲದ ಕ್ಯಾನ್ಸರಿಗೆ ದೃಷ್ಟಾಂತವೂ ವಿರ್ಖೋನಲ್ಲಿಯೇ ಇದೆ. ಬಿಳಿಯ ರಕ್ತಕಣಗಳು ಅತಿಯಾಗಿ ಹೆಚ್ಚುವ ವ್ಯಾಧಿಗೆ ಅವನು 1847ರಲ್ಲಿ 'ಲ್ಯುಕೀಮಿಯ' ಎಂದು ಹೆಸರಿಟ್ಟನು. ನಮ್ಮ ಜನ ಇದನ್ನು ರಕ್ತದ ಕ್ಯಾನ್ಸರ್ ಎನ್ನುತ್ತಾರೆ. ಸಂಸ್ಕೃತದ ವ್ಯಾಮೋಹದಿಂದ ಇದನ್ನು 'ರಕ್ತಾರ್ಬುದ' ಎಂದು ಬರೆದರೆ ವಿದ್ಯಾರ್ಥಿಯು ಸುಶ್ರುತನನ್ನು ತೆರೆದು ನೋಡಿ ದಿಕ್ಕುಗೆಡುವನು. ಅಲ್ಲಿನ ರಕ್ತಾರ್ಬುದವು ಮಾಂಸದ ಮೊಳಕೆಗಳಿಂದ ಮುಚ್ಚಿ, ಎಡೆಬಿಡದೆ ರಕ್ತವನ್ನು ಸುರಿಸುವ ಪಿಂಡ.