ಕಬ್ಬಿಗೂ ಕಣ್ಣುಂಟು

‘ಕಣ್ಣು ಹೆಂಗ ಅದಾವು?’ ರಾಯಬಾಗ ತಾಲ್ಲೂಕಿನ ಮುಗಳಖೋಡದ ದವಾಖಾನೆಯಲ್ಲಿ ಈ ಪ್ರಶ್ನೆ ಕೇಳಿದರೆ ಅದು ರೋಗಿಯ ಕಣ್ಣಿನ ವಿಚಾರ. ಊರ ಹೊರಗಿನ ಹೊಲದಲ್ಲಿ ಬೀಜದ ಕಬ್ಬು ಕೊಳ್ಳಲು ಬಂದ ರೈತ ಇದನ್ನೇ ಕೇಳಿದರೆ ಅದು ಕಬ್ಬಿನ ಕಣ್ಣಿನ ವಿಚಾರ. ಪದ ಒಂದೇ. ಒಂದು ಕಣ್ಣು ನೋಡುತ್ತದೆ, ಇನ್ನೊಂದು ಮೊಳೆಯುತ್ತದೆ.

ಹಳಗನ್ನಡದ ‘ಕಣ್’ ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತಮಿಳು, ಮಲಯಾಳ, ತುಳು, ತೆಲುಗುಗಳಲ್ಲಿಯೂ ಅದು ಸಣ್ಣಪುಟ್ಟ ವ್ಯತ್ಯಾಸದೊಡನೆ ಉಳಿದಿದೆ. ಆಡುಮಾತಿನಲ್ಲಿ ಅದರ ಅರ್ಥಗಳಿಗೆ ಲೆಕ್ಕವಿಲ್ಲ. ಕಣ್ಣು ಹೊಡೆಯುವುದು ಹುಡುಗಾಟ, ಕಣ್ಣು ಹಾಕುವುದು ದುರಾಸೆ, ಕಣ್ಣು ನೆತ್ತಿಗೇರುವುದು ಸೊಕ್ಕು, ಕಣ್ಣು ಮುಚ್ಚುವುದು ಮರಣ. ‘ಕಣ್ಣು ಬಂದಾವ’ ಎಂದರೆ ದೃಷ್ಟಿ ಬಂತೆಂದಲ್ಲ, ಕಣ್ಣುಬೇನೆ ಅಂಟಿಕೊಂಡಿತೆಂದು. ‘ಎ’ ಜೀವಸತ್ವದ ಕೊರತೆಯಿಂದ ಬರುವ ಕಾಯಿಲೆ ಇರುಳುಗಣ್ಣು. ಸೂಜಿಗೆ, ಜರಡಿಗೆ, ಬಲೆಗೆ, ನವಿಲುಗರಿಗೆ ಕೂಡ ಕಣ್ಣುಂಟು. ತೆಂಗಿನಕಾಯಿಗೆ ಮೂರು, ಅವುಗಳಲ್ಲಿ ಮೆತ್ತಗಿರುವ ಒಂದರಿಂದ ಮಾತ್ರ ಮೊಳಕೆ ಹೊರಬರುತ್ತದೆ.

ಕಬ್ಬಿನ ಕಣ್ಣು ಇರುವುದು ಗಿಣ್ಣಿನಲ್ಲಿ. ಸಸ್ಯಶಾಸ್ತ್ರ ಅದನ್ನು ಮೊಗ್ಗು ಎನ್ನುತ್ತದೆ. ಆದರೆ ಅದು ಹೂವಿನ ಮೊಗ್ಗಲ್ಲ, ಇಡೀ ಗಿಡವಾಗಬಲ್ಲ ಮೊಗ್ಗು. ಅದರ ಪಕ್ಕದಲ್ಲೇ ಗಿಣ್ಣಿನ ಸುತ್ತ ಬೇರಿನ ಚುಕ್ಕೆಗಳ ಪಟ್ಟಿಯಿರುತ್ತದೆ. ಕಬ್ಬು ನಿಂತಿರುವವರೆಗೆ ತುದಿಯ ಸುಳಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕೆಳಗಿನ ಕಣ್ಣುಗಳನ್ನು ಮಲಗಿಸಿಡುತ್ತದೆ. ಕಬ್ಬನ್ನು ತುಂಡರಿಸಿ ಮಣ್ಣಿಗಿಟ್ಟರೆ ಆ ಹಿಡಿತ ತಪ್ಪಿ ಕಣ್ಣು ತೆರೆಯುತ್ತದೆ. ಕಟಾವಿನ ನಂತರ ಕುಳೆ ಚಿಗುರುವುದೂ ನೆಲದೊಳಗೆ ಉಳಿದ ಬುಡದ ಕಣ್ಣುಗಳಿಂದಲೇ.

ಕಬ್ಬಿಗೆ ನಿಜವಾದ ಬೀಜವೂ ಉಂಟು ಎಂಬುದು ಜಗತ್ತಿಗೆ ಖಚಿತವಾದದ್ದು 1880ರ ದಶಕದ ಕೊನೆಯಲ್ಲಿ, ಜಾವಾ ಮತ್ತು ಬಾರ್ಬಡೋಸ್‌ಗಳಲ್ಲಿ. ಕೊಯಮತ್ತೂರಿನಲ್ಲಿ ಕಬ್ಬು ಚೆನ್ನಾಗಿ ಹೂಬಿಡುತ್ತದೆಂದೇ 1912ರಲ್ಲಿ ಅಲ್ಲಿ ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ‘ಕೊ’ ಎಂದು ಆರಂಭವಾಗುವ ತಳಿಗಳ ಹೆಸರಿನಲ್ಲಿ ಆ ಊರಿನ ಗುರುತಿದೆ. ಹೊಸ ತಳಿ ಹುಟ್ಟುವುದು ಬೀಜದಿಂದ. ಹೊಲದಿಂದ ಹೊಲಕ್ಕೆ ಹರಡುವುದು ಮಾತ್ರ ಇಂದಿಗೂ ಕಣ್ಣಿನಿಂದ. ಆದ್ದರಿಂದ ‘ಕೊ 86032’ ಬೆಳೆದ ಸಾವಿರಾರು ಎಕರೆಯ ಕಬ್ಬೆಲ್ಲ ವಂಶವಾಹಿಯ ಲೆಕ್ಕದಲ್ಲಿ ಒಂದೇ ಗಿಡ.

ಅಪಾಯ ಇರುವುದೂ ಇಲ್ಲಿಯೇ. ಗುಣದಂತೆ ರೋಗವೂ ತುಂಡಿನೊಡನೆ ಪ್ರಯಾಣ ಮಾಡುತ್ತದೆ. ಕೆಂಪು ಕೊಳೆ ರೋಗ ತಗುಲಿದ ಕಬ್ಬನ್ನು ಬೀಜಕ್ಕೆ ಬಳಸಿದರೆ ನಾಟಿ ಮಾಡಿದ ದಿನವೇ ನಷ್ಟವನ್ನೂ ನೆಟ್ಟಂತೆ. ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ 6ರಿಂದ 8 ಟನ್ ಕಬ್ಬು ಬೀಜಕ್ಕೇ ಹೋಗುತ್ತದೆ. ಕಣ್ಣಿನ ಭಾಗವನ್ನಷ್ಟೇ ಚಿಪ್ಪಿನಂತೆ ಕತ್ತರಿಸಿ ತಟ್ಟೆಗಳಲ್ಲಿ ಸಸಿ ಬೆಳೆಸುವ ಪದ್ಧತಿಯಲ್ಲಿ ಅದರ ಬಹುಪಾಲು ಉಳಿಯುತ್ತದೆ. ಆದರೆ ಆಗ ಒಂದೊಂದು ಕಣ್ಣಿನ ಬೆಲೆಯೂ ಹೆಚ್ಚುತ್ತದೆ. ಎರಡು-ಮೂರು ಕಣ್ಣಿನ ತುಂಡಿನಲ್ಲಿ ಒಂದು ಕೆಟ್ಟರೆ ಇನ್ನೊಂದಿರುತ್ತದೆ, ಒಂಟಿ ಕಣ್ಣಿಗೆ ಆ ಆಸರೆಯಿಲ್ಲ.

ಗಡಿಯ ಆಚೆಗಿನ ಮರಾಠಿ ರೈತ ಇದನ್ನೇ ‘ಡೋಳಾ’ ಎನ್ನುತ್ತಾನೆ. ಅಲ್ಲಿಯೂ ಅದರ ಅರ್ಥ ಕಣ್ಣೇ. ಹಿಂದಿಯಲ್ಲಿ ‘ಆಂಖ್’, ಇಂಗ್ಲಿಷಿನಲ್ಲಿ ‘ಐ’. ಭಾಷಾಕುಲ ಬೇರೆಯಾದರೂ ಗಿಣ್ಣಿನ ಆ ಉಬ್ಬನ್ನು ಕಂಡವರಿಗೆ ಹೊಳೆದ ಹೋಲಿಕೆ ಒಂದೇ.

‘ಮೊಗ್ಗು’ ಎಂದರೆ ಹೊಲದಲ್ಲಿ ಹೂವಿನ ನೆನಪು ಬರುತ್ತದೆ. ‘ಕಣ್ಣು’ ಎಂದರೆ ಎಲ್ಲಿ ಕತ್ತರಿಸಬೇಕು, ಯಾವುದನ್ನು ಕಾಯಬೇಕು ಎಂಬುದು ಆ ಕ್ಷಣವೇ ತಿಳಿಯುತ್ತದೆ. ಕೃಷಿಯ ಕೈಪಿಡಿ ಬರೆಯುವವರು ಇದನ್ನು ಹಳ್ಳಿಯ ಮಾತೆಂದು ಪಕ್ಕಕ್ಕಿಡಬೇಕಾಗಿಲ್ಲ. ವಿಜ್ಞಾನಕ್ಕೆ ಬೇಕಾದ ಪದವನ್ನು ರೈತ ಮೊದಲೇ ಕೊಟ್ಟಿದ್ದಾನೆ.